ಕಚೇರಿಯ ಡಿಜಿಟಲ್ ಪರದೆ: ಕಡಿಮೆ ಕರೆಂಟಲ್ಲಿ ಹೆಚ್ಚು ವರ್ಷ ಬಾಳಿಸುವ ಸಮಗ್ರ ಮಾರ್ಗದರ್ಶಿ

ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರ್, ಪ್ರಿಂಟರ್, ಪರದೆಗಳ ಉಸ್ತುವಾರಿ ನನ್ನದು. ಇಲ್ಲಿನ ಪ್ರಧಾನ ಕಚೇರಿ, ಬಾಗಲಕೋಟೆಯ ನವನಗರದ ಶಾಖೆ, ಬೆಳಗಾವಿಯ ಶಾಖೆ, ಎಲ್ಲ ಸೇರಿ ಜನರಿಗೆ ಮಾಹಿತಿ ತೋರಿಸಲು ಮೊದಲು ಏಳು ಪರದೆಗಳಿದ್ದವು. ಎರಡು ವರ್ಷದ ಹಿಂದೆ ಒಂದು ಭಾನುವಾರ ರಾತ್ರಿ ಮದುವೆ ಊಟ ಮುಗಿಸಿ ಕಚೇರಿ ಮುಂದೆ ಹಾದು ಬರುತ್ತಿದ್ದೆ. ಶಟರ್ ಇಳಿದಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಶಟರಿನ ಸಂದಿಯಿಂದ ನೀಲಿ ಬೆಳಕು ಹೊರಗೆ ಚೆಲ್ಲುತ್ತಿತ್ತು. ಒಳಗಿನ 55 ಇಂಚಿನ ಪರದೆ ಶನಿವಾರ ಸಂಜೆಯಿಂದ ಹಾಗೇ ಉರಿಯುತ್ತಿತ್ತು. ಎಷ್ಟು ವಾರದಿಂದ ಹೀಗಿದೆಯೋ ಎಂದು ಲೆಕ್ಕ ಹಾಕಿದಾಗ ನಿಜಕ್ಕೂ ಬೇಜಾರಾಯಿತು.

ಇಲ್ಲಿ ಬರೆದಿರುವುದು ಅಲ್ಲಿಂದ ಈಚೆಗೆ ಮಾಡಿ ನೋಡಿ ಕಲಿತದ್ದು. ಕಾಲೇಜು, ಆಸ್ಪತ್ರೆ, ಸೀರೆ ಅಂಗಡಿ, ಪಂಚಾಯಿತಿ ಕಚೇರಿ ಯಾವುದಕ್ಕಾದರೂ ಹೊಂದುತ್ತದೆ. ಒಂದು ಮಾತು ಮೊದಲೇ ಹೇಳುತ್ತೇನೆ. ಪರಿಸರದ ಹೆಸರಲ್ಲಿ ಹೊಸ ಪರದೆ ಕೊಳ್ಳಲು ಹೊರಡಬೇಡಿ. ಒಂದು ಪರದೆ ತಯಾರಾಗುವಾಗಲೇ ಗಾಜು, ಲೋಹ, ರಾಸಾಯನಿಕ, ನೀರು, ವಿದ್ಯುತ್ತು ಬೇಕಾದಷ್ಟು ಖರ್ಚಾಗಿರುತ್ತದೆ. ಗೋಡೆ ಮೇಲೆ ಈಗ ಇರುವುದನ್ನೇ ಕಡಿಮೆ ಹೊತ್ತು, ಕಡಿಮೆ ಬೆಳಕಲ್ಲಿ, ತಂಪಾಗಿಟ್ಟು ಹೆಚ್ಚು ವರ್ಷ ನಡೆಸುವುದೇ ದೊಡ್ಡ ಕೆಲಸ.

ನಮ್ಮ ಜಿಲ್ಲೆಯಲ್ಲಿ ಇದನ್ನು ಅರ್ಥ ಮಾಡಿಸುವುದು ಸುಲಭ. ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಇದೆ. ಅದರ ಚಿಮಣಿ ನೋಡದವರು ಈ ಕಡೆ ಕಡಿಮೆ. ಆಲಮಟ್ಟಿಯ ನೀರಿನಿಂದಲೂ ಕರೆಂಟು ಬರುತ್ತದೆ, ಗಾಳಿ ಮತ್ತು ಸೌರ ವಿದ್ಯುತ್ತೂ ಸೇರುತ್ತದೆ. ಆದರೂ ದೇಶದ ಜಾಲದ ಸರಾಸರಿ ತೆಗೆದರೆ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು, ನಿಮ್ಮ ಲೆಕ್ಕ ನೀವೇ ಮಾಡಬಹುದು.

ಮೊದಲು ಎಣಿಸಿ, ಅಳೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಂಡು ಕಟ್ಟಡ ಪೂರ್ತಿ ಓಡಾಡಿ. ಪ್ರತಿ ಪರದೆಗೂ ಒಂದು ಪುಟ. ಎಷ್ಟು ಇಂಚು, ಯಾವ ವರ್ಷ ಕೊಂಡದ್ದು, ಯಾವ ಗೋಡೆ, ಎಷ್ಟಕ್ಕೆ ಆನ್, ಎಷ್ಟಕ್ಕೆ ಆಫ್, ಆಫ್ ಮಾಡುವವರು ಯಾರು, ಏನು ತೋರಿಸುತ್ತದೆ. ಹಿಂದೆ ಅಂಟಿಸಿದ ಚೀಟಿಯಲ್ಲಿ ವಾಟ್ ಬರೆದಿರುತ್ತದೆ. ಅದು ಗರಿಷ್ಠ ಮಿತಿ, ಪರದೆ ದಿನಾ ಎಳೆಯುವುದು ಬೇರೆ.

ನಿಜವಾದ ಅಂಕಿ ಬೇಕೆಂದರೆ ಪ್ಲಗ್‌ಗೆ ಹಾಕುವ ಚಿಕ್ಕ ವಾಟ್ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಒಂದೇ ಇದ್ದರೆ ಎಲ್ಲ ಶಾಖೆಗೂ ಸಾಕು. ಅದೂ ಬೇಡವೆಂದರೆ ಹೆಸ್ಕಾಂನ ಡಿಜಿಟಲ್ ಮೀಟರನ್ನೇ ಬಳಸಿ. ಅದರ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂದು ಪಕ್ಕದಲ್ಲೇ ಬರೆದಿರುತ್ತಾರೆ. ಕೆಲವದರಲ್ಲಿ 3200, ಕೆಲವದರಲ್ಲಿ 1600. ರಜೆ ದಿನ ಬೇರೆಲ್ಲ ಆಫ್ ಮಾಡಿ ಪರದೆ ಒಂದನ್ನೇ ಹಾಕಿ. ಹತ್ತು ನಿಮಿಷ ಮಿನುಗು ಎಣಿಸಿ. ನಮ್ಮ 3200ರ ಮೀಟರಿನಲ್ಲಿ ಹತ್ತು ನಿಮಿಷಕ್ಕೆ 70 ಸಲ ಬಂತು. ಅಂದರೆ ಗಂಟೆಗೆ 420. ಅದನ್ನು 3200ರಿಂದ ಭಾಗಿಸಿದರೆ 0.13 ಯೂನಿಟ್. ಪರದೆ 130 ವಾಟ್ ಎಳೆಯುತ್ತಿದೆ ಎಂದಾಯಿತು.

130 ವಾಟಿನ ಪರದೆ ಹಗಲು ರಾತ್ರಿ ಉರಿದರೆ ವರ್ಷಕ್ಕೆ ಸುಮಾರು 1139 ಯೂನಿಟ್. ಅದೇ ಪರದೆ 80 ವಾಟಿನಲ್ಲಿ, ದಿನಕ್ಕೆ 9 ಗಂಟೆ, ವರ್ಷಕ್ಕೆ 300 ದಿನ ನಡೆದರೆ 216 ಯೂನಿಟ್. ಉಳಿದದ್ದು 923 ಯೂನಿಟ್, ಹತ್ತಿರ ಹತ್ತಿರ 650 ಕೆಜಿ ಇಂಗಾಲದ ಡೈಆಕ್ಸೈಡ್. ಇದು ಒಂದೇ ಪರದೆಯ ಲೆಕ್ಕ. ಇಷ್ಟಕ್ಕೆ ನಾವು ಒಂದು ರೂಪಾಯಿಯ ಹೊಸ ಸಾಮಾನು ಕೊಂಡಿಲ್ಲ. ಆಡಳಿತ ಮಂಡಳಿ ಮುಂದೆ ಈ ಒಂದು ಪುಟ ಇಟ್ಟೆ, ಮುಂದಿನ ಎಲ್ಲದಕ್ಕೂ ಒಪ್ಪಿಗೆ ಸಿಕ್ಕಿತು.

ಈ ಪರದೆ ಬೇಕೇ ಬೇಕಾ?

ಒಂದು ವಾರ ಪ್ರತಿ ಪರದೆ ಮುಂದೆ ಅರ್ಧ ಗಂಟೆ ಕೂತು ನೋಡಿ. ಜನ ನಿಜವಾಗಿ ನೋಡುತ್ತಾರಾ? ನಮ್ಮಲ್ಲಿ ಟೋಕನ್ ನಂಬರ್ ತೋರಿಸುವ ಪರದೆಯನ್ನು ಎಲ್ಲರೂ ನೋಡುತ್ತಿದ್ದರು. ಹಳ್ಳಿಯಿಂದ ಬಂದ ರೈತರಿಗೆ ಅದು ನಿಜವಾದ ಅನುಕೂಲ. ಆದರೆ ಮೆಟ್ಟಿಲ ಪಕ್ಕದ ಪರದೆಯನ್ನು ಯಾರೂ ನೋಡುತ್ತಿರಲಿಲ್ಲ. ಅದರಲ್ಲಿ ಯುಗಾದಿ ಶುಭಾಶಯ ಕಾರಹುಣ್ಣಿಮೆ ತನಕ ಓಡಿತ್ತು.

ಒಳಗಿನ ವಿಷಯ ಎಷ್ಟು ದಿನಕ್ಕೆ ಬದಲಾಗುತ್ತದೆ ಎನ್ನುವುದೇ ಇಲ್ಲಿ ಅಳತೆಗೋಲು. ಗಳಿಗೆಗೊಮ್ಮೆ ಬದಲಾಗುವ ಟೋಕನ್, ಬಸ್ ಸಮಯ, ವೈದ್ಯರ ಸರದಿ ಇವಕ್ಕೆ ಪರದೆ ಸರಿ. ವರ್ಷಕ್ಕೆ ಎರಡು ಮೂರು ಸಲ ಬದಲಾಗುವ ಬಡ್ಡಿ ದರಕ್ಕೆ ಪರದೆ ಯಾಕೆ? ನಾವು ಊರಿನ ಪೇಂಟರ್ ಒಬ್ಬರನ್ನು ಕರೆಸಿ ಬೋರ್ಡ್ ಬರೆಸಿದೆವು. ಅಂಕಿಗಳನ್ನು ಮಾತ್ರ ತೆಗೆದು ಹಾಕುವ ತಗಡಿನ ಪಟ್ಟಿ ಮಾಡಿಸಿದೆವು. ಫ್ಲೆಕ್ಸ್ ಬಂದ ಮೇಲೆ ಈ ಕೈಕಸುಬಿನವರಿಗೆ ಕೆಲಸ ತೀರಾ ಕಡಿಮೆಯಾಗಿದೆ. ಅವರು ಬರೆದ ಕನ್ನಡ ಅಕ್ಷರ ಎಷ್ಟು ಮುದ್ದಾಗಿತ್ತೆಂದರೆ ಬಂದವರು ನಿಂತು ಓದುತ್ತಿದ್ದರು. ಪರದೆ ತೆಗೆದು ಫ್ಲೆಕ್ಸ್ ಹಾಕಬೇಡಿ, ಅದು ಪ್ಲಾಸ್ಟಿಕ್. ದಿನಕ್ಕೊಂದೆರಡು ಸಲ ಬದಲಾಗುವ ಮಾಹಿತಿಗೆ ಇ-ಇಂಕ್ ಪರದೆ ಎನ್ನುವುದೊಂದಿದೆ. ಪುಟ ಬದಲಾಗುವಾಗ ಮಾತ್ರ ಅದಕ್ಕೆ ಕರೆಂಟು ಬೇಕು, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ. ದೊಡ್ಡ ಅಳತೆಯಲ್ಲಿ ಈಗಿನ್ನೂ ದುಬಾರಿ.

ಏಳರಲ್ಲಿ ಎರಡನ್ನು ನಾವು ಇಳಿಸಿದೆವು. ಆ ಎರಡೂ ಮುಂದೆ ಕೆಟ್ಟ ಪರದೆಗಳ ಜಾಗಕ್ಕೆ ಬಂದವು.

ಟೈಮರ್ ಹಾಕಿ, ಆದರೆ ಟೈಮರನ್ನೇ ನಂಬಿ ಕೂರಬೇಡಿ

ಈಗಿನ ಹೆಚ್ಚಿನ ಪರದೆಗಳ ಸೆಟ್ಟಿಂಗ್‌ನಲ್ಲಿ ಆನ್ ಟೈಮರ್, ಆಫ್ ಟೈಮರ್ ಇರುತ್ತದೆ. ಬಾಗಿಲು ತೆಗೆಯುವ ಐದು ನಿಮಿಷ ಮುಂಚೆ ಆನ್, ಕೊನೆಯ ಗ್ರಾಹಕರು ಹೋದ ಮೇಲೆ ಆಫ್. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ನಿಮಗೆ ರಜೆ ಇದ್ದರೆ ಅದನ್ನೂ ಸೇರಿಸಿ.

ನಮ್ಮ ಕಡೆ ಇದು ಕೆಡುವುದು ಒಂದೇ ಕಡೆ. ರಾತ್ರಿ ಕರೆಂಟು ಹೋಗಿ ಬಂದರೆ ಕೆಲವು ಪರದೆ ತಾನಾಗಿಯೇ ಆನ್ ಆಗುತ್ತದೆ. ಕೆಲವದರಲ್ಲಿ ಗಡಿಯಾರವೂ ತಪ್ಪಿಹೋಗುತ್ತದೆ. ನಮ್ಮ ಆ ಭಾನುವಾರದ ಕಥೆ ಆದದ್ದೂ ಹೀಗೇ. ಸೆಟ್ಟಿಂಗ್‌ನಲ್ಲಿ ಕರೆಂಟು ಬಂದಾಗ ಏನು ಮಾಡಬೇಕು ಎನ್ನುವ ಆಯ್ಕೆ ಹುಡುಕಿ, ಸ್ಟ್ಯಾಂಡ್‌ಬೈನಲ್ಲೇ ಇರಲಿ ಎಂದು ಇಡಿ. ಆ ಆಯ್ಕೆ ಇಲ್ಲದಿದ್ದರೆ ಗೋಡೆಯಲ್ಲಿ ಪರದೆಗಳಿಗೆಂದೇ ಒಂದು ಪ್ರತ್ಯೇಕ ಸ್ವಿಚ್ ಮಾಡಿಸಿ, ಕೆಂಪು ಬಣ್ಣ ಬಳಿಯಿರಿ. ಕೊನೆಗೆ ಬೀಗ ಹಾಕುವವರ ಕೆಲಸದ ಪಟ್ಟಿಯಲ್ಲಿ ಅದನ್ನು ಬರೆಯಿರಿ. ನಮ್ಮಲ್ಲಿ ಸೆಕ್ಯೂರಿಟಿ ಕಾಕಾ ಅದನ್ನು ನೋಡಿಕೊಳ್ಳುತ್ತಾರೆ. ಯಾಕೆ ಆಫ್ ಮಾಡಬೇಕು ಅಂತ ಕೂತು ವಿವರಿಸಿ ಹೇಳಿದ ಮೇಲೆ ಅವರು ಒಂದು ದಿನವೂ ಮರೆತಿಲ್ಲ.

ಇನ್ನೊಂದು ಮೋಸ ಹೋಗುವ ಜಾಗ: ಪರದೆ ಕಪ್ಪಾಗಿದೆ ಅಂದರೆ ಆಫ್ ಆಗಿದೆ ಎಂದಲ್ಲ. ಪರದೆಗೆ ಚಿತ್ರ ಕಳಿಸುವ ಪೆಟ್ಟಿಗೆ ಮಾತ್ರ ಆಫ್ ಆಗಿ, ಪರದೆಯ ಹಿಂದಿನ ದೀಪ ಉರಿಯುತ್ತಲೇ ಇರಬಹುದು. ಕೋಣೆ ಕತ್ತಲು ಮಾಡಿ ನೋಡಿ. ಬೂದು ಬೆಳಕು ಕಂಡರೆ ಅದು ಕರೆಂಟು ಕುಡಿಯುತ್ತಿದೆ.

ಬ್ರೈಟ್‌ನೆಸ್

ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್‌ಸಿಡಿ ಆಗಲಿ, ನಾವು ಎಲ್‌ಇಡಿ ಟಿವಿ ಎನ್ನುವುದೇ ಆಗಲಿ, ಅದರಲ್ಲಿ ಹೆಚ್ಚು ಕರೆಂಟು ತಿನ್ನುವುದು ಚಿತ್ರದ ಹಿಂದಿರುವ ದೀಪದ ಪಟ್ಟಿ, ಅಂದರೆ ಬ್ಯಾಕ್‌ಲೈಟ್. ಅಂಗಡಿಯಲ್ಲಿ ಹತ್ತು ಟಿವಿ ನಡುವೆ ಎದ್ದು ಕಾಣಲಿ ಅಂತ ಕಣ್ಣು ಕುಕ್ಕುವ ವಿವಿಡ್ ಅಥವಾ ಡೈನಾಮಿಕ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಮನೆಗೆ, ಕಚೇರಿಗೆ ಬಂದ ಮೇಲೆ ಅದನ್ನು ಯಾರೂ ಬದಲಿಸುವುದಿಲ್ಲ. ನಮ್ಮ 55 ಇಂಚಿನ ಪರದೆ ಸ್ಟ್ಯಾಂಡರ್ಡ್ ಮೋಡ್‌ಗೆ ಬಂದು, ಬ್ಯಾಕ್‌ಲೈಟ್ ಅರ್ಧದ ಆಸುಪಾಸಿಗೆ ಇಳಿದಾಗ 130 ವಾಟಿನಿಂದ 80ಕ್ಕೆ ಬಂತು. ಒಬ್ಬ ಗ್ರಾಹಕರೂ ಗಮನಿಸಲಿಲ್ಲ.

ಹೇಗೆ ಇಳಿಸಬೇಕು? ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಕೋಣೆಯಲ್ಲಿ ಬೆಳಕು ಅತಿ ಜಾಸ್ತಿ ಇರುವಾಗ ನಿಲ್ಲಿ. ಜನ ಕೂರುವ ಅತಿ ದೂರದ ಕುರ್ಚಿಗೆ ವಯಸ್ಸಾದ ಒಬ್ಬರನ್ನು ಕೂರಿಸಿ. ಅವರು ಓದಲು ಕಷ್ಟ ಎನ್ನುವ ತನಕ ಹತ್ತತ್ತು ಇಳಿಸುತ್ತಾ ಹೋಗಿ, ಆಮೇಲೆ ಒಂದು ಮೆಟ್ಟಿಲು ಏರಿಸಿ ಬಿಡಿ. ಗಮನಿಸಿ, ಇಳಿಸಬೇಕಾದದ್ದು ಬ್ಯಾಕ್‌ಲೈಟ್. ಕೆಲವು ಪರದೆಗಳಲ್ಲಿ ಬ್ರೈಟ್‌ನೆಸ್ ಎಂಬ ಗುಂಡಿ ಚಿತ್ರವನ್ನಷ್ಟೇ ಕಪ್ಪಾಗಿಸುತ್ತದೆ, ಕರೆಂಟು ಉಳಿಯುವುದಿಲ್ಲ. ವಾಟ್ ಮೀಟರ್ ನೋಡುತ್ತಾ ಮಾಡಿದರೆ ಗೊಂದಲವೇ ಇರುವುದಿಲ್ಲ. ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಹೊಂದಿಸಿಕೊಳ್ಳುವ ಸೆನ್ಸರ್ ಇದ್ದರೆ ಅದನ್ನು ಆನ್ ಮಾಡಿ.

ಪರದೆ ಎಸಿ ಕೋಣೆಯಲ್ಲಿದ್ದರೆ ಇನ್ನೊಂದು ಲಾಭ. ಪರದೆ ಎಳೆದ ಕರೆಂಟೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಎಸಿ ಮತ್ತೆ ಕರೆಂಟು ಎಳೆಯುತ್ತದೆ. ಪರದೆಯಲ್ಲಿ ಉಳಿಸಿದ ಪ್ರತಿ ಯೂನಿಟ್ ಹಿಂದೆ ಎಸಿಯಲ್ಲೂ ಒಂದಿಷ್ಟು ಉಳಿಯುತ್ತದೆ.

ಕಪ್ಪು ಹಿನ್ನೆಲೆ ಹಾಕಿದರೆ ಕರೆಂಟು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಸಾಮಾನ್ಯ ಎಲ್‌ಸಿಡಿ ಪರದೆಯಲ್ಲಿ ಅದರಿಂದ ಅಷ್ಟೇನೂ ಉಳಿಯದು, ಹಿಂದಿನ ದೀಪ ಹೇಗೂ ಉರಿಯುತ್ತಿರುತ್ತದೆ. ಓಎಲ್‌ಇಡಿ ಪರದೆಯಲ್ಲೂ, ಹೊರಗೆ ಹಾಕುವ ಎಲ್‌ಇಡಿ ಬೋರ್ಡ್‌ನಲ್ಲೂ ಖಂಡಿತ ಉಳಿಯುತ್ತದೆ. ಅಲ್ಲಿ ಪ್ರತಿ ಚುಕ್ಕೆಯೂ ಒಂದೊಂದು ದೀಪ. ಕಪ್ಪು ಎಂದರೆ ದೀಪ ಆರಿದೆ ಎಂದೇ ಅರ್ಥ. ಇಂಥ ಬೋರ್ಡ್‌ನಲ್ಲಿ ಪೂರ್ತಿ ಬಿಳಿ ಹಿನ್ನೆಲೆ ಹಾಕುವುದು ಅತಿ ದುಂದು.

ಹೊರಗಿನ ಬೋರ್ಡು ಮತ್ತು ನಮ್ಮ ಒತ್ತಕ್ಷರ

ಅಂಗಡಿ, ಬ್ಯಾಂಕು, ಗುಡಿಗಳ ಮುಂದೆ ಕೆಂಪಕ್ಷರ ಓಡುವ ಪಿ10 ಬೋರ್ಡ್‌ಗಳು ನಿಮಗೆ ಗೊತ್ತೇ ಇವೆ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ 10 ಮಿಲಿಮೀಟರ್. ಒಂದು ಸಾಲಿನ ಬೋರ್ಡ್‌ನ ಎತ್ತರ ಬರೀ 16 ಚುಕ್ಕೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ಕನ್ನಡಕ್ಕೆ ಸಾಲದು. ಮೇಲೆ ಗುಣಿತ, ಕೆಳಗೆ ಒತ್ತು, ನಡುವೆ ಅಕ್ಷರ, ಇಷ್ಟೂ 16 ಚುಕ್ಕೆಯಲ್ಲಿ ಕೂರಬೇಕು. ‘ಸಿದ್ಧೇಶ್ವರ’ ಎಂದು ಬರೆದು ನೋಡಿ, ದೂರದಿಂದ ಕೆಂಪು ಮುದ್ದೆ ಕಾಣುತ್ತದೆ. ಓದಲು ಆಗುತ್ತಿಲ್ಲ ಅಂತ ದೂರು ಬಂದ ಕೂಡಲೇ ಎಲ್ಲರೂ ಮಾಡುವುದು ಬ್ರೈಟ್‌ನೆಸ್ ಏರಿಸುವುದು. ಬೆಳಕು ಹೆಚ್ಚಾದಂತೆ ಚುಕ್ಕೆಗಳು ಇನ್ನೂ ಒಂದರೊಳಗೊಂದು ಬೆರೆಯುತ್ತವೆ.

ಇದಕ್ಕೆ ಪರಿಹಾರ ಎರಡು ಸಾಲು ಜೋಡಿಸಿ 32 ಚುಕ್ಕೆ ಎತ್ತರ ಮಾಡುವುದು, ಮಾತು ಕಡಿಮೆ ಮಾಡುವುದು, ಓಡುವ ವೇಗ ತಗ್ಗಿಸುವುದು. ‘ಗ್ರಾಹಕರಿಗೆ ಆತ್ಮೀಯ ಸ್ವಾಗತ’ ಎಂಬುದನ್ನು ತೆಗೆದು ‘ಸಮಯ 10ರಿಂದ 5’ ಎಂದಷ್ಟೇ ಹಾಕಿದೆವು. ಬೆಳಗಾವಿ ಶಾಖೆಯಲ್ಲಿ ಕನ್ನಡದ ಜೊತೆ ಮರಾಠಿ ಓದುವವರೂ ಬರುತ್ತಾರೆ, ಅಲ್ಲೂ ಇದೇ ಪಾಡು, ಇದೇ ಮದ್ದು. ಎರಡು ಸಾಲಿಗೆ ಮಾಡ್ಯೂಲ್, ಅಂದರೆ ಚುಕ್ಕೆ ದೀಪಗಳ ಹಲಗೆ, ಜಾಸ್ತಿ ಬೇಕು ನಿಜ. ಆದರೆ ಬೆಳಕು ಇಳಿಸಬಹುದು, ಬೋರ್ಡ್ ಓದಲೂ ಬರುತ್ತದೆ. ಓದಲು ಬಾರದ ಬೋರ್ಡು ಎಷ್ಟು ಕಡಿಮೆ ಕರೆಂಟು ಎಳೆದರೂ ಅದು ವ್ಯರ್ಥವೇ.

ಹಗಲಿಗೂ ರಾತ್ರಿಗೂ ಬೇರೆ ಬೇರೆ ಬ್ರೈಟ್‌ನೆಸ್ ಇಡಿ. ಬಿಸಿಲಿಗೆ ಎದುರಾಗಿ ಕಾಣಲು ಬೇಕಾದ ಬೆಳಕಿನ ಸಣ್ಣ ಪಾಲು ರಾತ್ರಿಗೆ ಸಾಕು. ಬೋರ್ಡ್ ನಡೆಸುವ ಹೆಚ್ಚಿನ ಕಂಟ್ರೋಲರ್ ಕಾರ್ಡ್‌ಗಳಲ್ಲಿ ಗಂಟೆವಾರು ಹೊಂದಿಸುವ ಸೌಲಭ್ಯ ಇದೆ. ಹತ್ತು ಗಂಟೆ ಮೇಲೆ ಪೂರ್ತಿ ಆಫ್ ಮಾಡಿ. ಎದುರು ಮನೆಯವರ ನಿದ್ದೆಗೂ, ರಸ್ತೆಯಲ್ಲಿ ಬೈಕ್ ಓಡಿಸುವವರ ಕಣ್ಣಿಗೂ, ಬೆಳಕಿಗೆ ಮುತ್ತಿ ಸಾಯುವ ಹುಳುಗಳಿಗೂ ಒಳ್ಳೆಯದು.

ಬಿಸಿಲು, ದೂಳು, ವೋಲ್ಟೇಜ್

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪರದೆ ಬೇಗ ಸಾಯುವುದು ಈ ಶಾಖಕ್ಕೆ. ಒಳಗಿನ ಪವರ್ ಬೋರ್ಡ್‌ನಲ್ಲಿ ಕರೆಂಟು ಹಿಡಿದಿಡುವ ಚಿಕ್ಕ ಬಿಡಿಭಾಗಗಳಾದ ಕೆಪಾಸಿಟರ್‌ಗಳ ವಿಷಯದಲ್ಲಿ ಮೆಕ್ಯಾನಿಕ್‌ಗಳು ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ: 10 ಡಿಗ್ರಿ ಶಾಖ ಕಡಿಮೆಯಾದರೆ ಆಯಸ್ಸು ಎರಡು ಪಟ್ಟು. ಹಾಗಾಗಿ ಪಡುವಣ ಗೋಡೆ ಬೇಡ. ಗಾಜಿನ ಕಿಟಕಿಯ ಹಿಂದೆ ಬೀದಿಗೆ ಮುಖ ಮಾಡಿದ ಪರದೆ ಅತಿ ಕೆಟ್ಟ ಜಾಗ, ಬಿಸಿಲಿಗೆ ಪೈಪೋಟಿ ಕೊಡಲು ಬ್ರೈಟ್‌ನೆಸ್ ಏರಿಸಬೇಕು, ಅದೇ ಶಾಖಕ್ಕೆ ಅದು ಬೇಯಬೇಕು. ಪಕ್ಕಕ್ಕೆ ತಿರುಗಿಸಿ ಅಥವಾ ಮೇಲೊಂದು ಚಜ್ಜ ಕಟ್ಟಿಸಿ.

ಪರದೆಯ ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಅಂದವಾಗಿ ಕಾಣಲಿ ಎಂದು ಪ್ಲೈವುಡ್ ಪೆಟ್ಟಿಗೆಯೊಳಗೆ ಕೂರಿಸುವುದು ನಮ್ಮ ಕಡೆ ಜಾಸ್ತಿ. ನವನಗರದ ಶಾಖೆಯಲ್ಲಿ ಹಾಗೆ ಕೂರಿಸಿದ ಪರದೆ ಎರಡೇ ಬೇಸಿಗೆಗೆ ಹೋಯಿತು. ಪೆಟ್ಟಿಗೆ ಬೇಕೇ ಬೇಕೆಂದರೆ ಕೆಳಗೂ ಮೇಲೂ ಗಾಳಿ ಓಡಾಡುವ ಜಾಲರಿ ಇಡಿಸಿ. ತಿಂಗಳಿಗೊಮ್ಮೆ ಆಫ್ ಮಾಡಿ, ತಣ್ಣಗಾದ ಮೇಲೆ ಮೆತ್ತನೆ ಬ್ರಶ್‌ನಿಂದ ಹಿಂದಿನ ತೂತುಗಳ ದೂಳು ತೆಗೆಯಿರಿ. ಸುಗ್ಗಿ ಕಾಲದಲ್ಲಿ, ಪಕ್ಕದಲ್ಲಿ ರಸ್ತೆ ಕೆಲಸ ನಡೆವಾಗ ಹದಿನೈದು ದಿನಕ್ಕೊಮ್ಮೆ. ಮುಂಭಾಗಕ್ಕೆ ಒಣ ಮೆತ್ತನೆ ಬಟ್ಟೆ ಸಾಕು, ಪರದೆ ಮೇಲೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ.

ಬೆಳಗಾವಿಯ ಚಿಂತೆ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೇವ. ನೀರು ಜಿನುಗುವ ಗೋಡೆಗೆ ಪರದೆ ಹಾಕಬೇಡಿ. ಹೊರಗಿನ ಬೋರ್ಡ್‌ನ ಹಿಂಬದಿ ಬಾಗಿಲ ರಬ್ಬರ್ ಪಟ್ಟಿಯನ್ನು ಮಳೆಗೆ ಮುಂಚೆಯೇ ನೋಡಿ.

ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಇರಲಿ, ಕರೆಂಟು ಬಂದ ಮೇಲೆ ಸ್ವಲ್ಪ ತಡೆದು ಹರಿಸುವಂಥದ್ದು ಆಗಿದ್ದರೆ ಒಳ್ಳೆಯದು. ಅಡ್ಡಮಳೆಯ ಗುಡುಗು ಮಿಂಚು ಶುರುವಾದರೆ ಪ್ಲಗ್ಗೇ ಕಿತ್ತುಬಿಡಿ, ನೆಟ್‌ವರ್ಕ್ ವೈರನ್ನೂ ಬಿಡಿಸಿ. ಟೋಕನ್ ಪರದೆ ಬಿಟ್ಟು ಬೇರೆ ಯಾವುದನ್ನೂ ಯುಪಿಎಸ್‌ಗೆ ಜೋಡಿಸಬೇಡಿ, ಸುಮ್ನೆ ಬ್ಯಾಟರಿ ಸವೆಯುತ್ತದೆ.

ಪರದೆಗೆ ಚಿತ್ರ ಕಳಿಸುವ ಪೆಟ್ಟಿಗೆ

ಒಂದು ಸ್ಲೈಡ್ ತೋರಿಸಲು ಪೂರ್ತಿ ಡೆಸ್ಕ್‌ಟಾಪ್ ಕಂಪ್ಯೂಟರ್ ಓಡಿಸುವ ಕಚೇರಿಗಳು ಬಹಳ. 60 ವಾಟಿನ ಕಂಪ್ಯೂಟರ್ ಹಗಲು ರಾತ್ರಿ ನಡೆದರೆ ವರ್ಷಕ್ಕೆ 525 ಯೂನಿಟ್. 5 ವಾಟಿನ ಚಿಕ್ಕ ಆಂಡ್ರಾಯ್ಡ್ ಪೆಟ್ಟಿಗೆ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕಚೇರಿ ವೇಳೆಯಲ್ಲಷ್ಟೇ ನಡೆದರೆ 14 ಯೂನಿಟ್ ಕೂಡ ಆಗದು. ಪರದೆಯಲ್ಲೇ ಪೆನ್‌ಡ್ರೈವ್‌ನಿಂದ ಓಡಿಸುವ ಸೌಲಭ್ಯ ಇದ್ದರೆ ಅದೂ ಬೇಡ. ವಿಡಿಯೋವನ್ನು ಪ್ರತಿ ಸಲ ಇಂಟರ್ನೆಟ್‌ನಿಂದ ಎಳೆಯದೆ, ಒಮ್ಮೆ ಇಳಿಸಿಕೊಂಡು ಪೆಟ್ಟಿಗೆಯಲ್ಲೇ ಇಡಿ.

ಕೆಟ್ಟರೆ ಎಸೆಯುವ ಮುಂಚೆ ಟಾರ್ಚ್ ಹಿಡಿಯಿರಿ

ಧ್ವನಿ ಬರುತ್ತದೆ, ಚಿತ್ರ ಇಲ್ಲ. ಆಗ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಚಿತ್ರ ಮೂಡಿಸುವ ಪ್ಯಾನೆಲ್ ಚೆನ್ನಾಗಿದೆ, ಹೋಗಿರುವುದು ಹಿಂದಿನ ದೀಪದ ಪಟ್ಟಿ. ಅದನ್ನು ಊರಿನ ಟಿವಿ ಮೆಕ್ಯಾನಿಕ್ ಬದಲಿಸಿ ಕೊಡುತ್ತಾರೆ, ಹೊಸ ಪರದೆಯ ಬೆಲೆಯ ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಸದಾ ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಓಡಿದ ಪರದೆಗಳಿಗೆ ಈ ತೊಂದರೆ ಬೇಗ ಬರುತ್ತದೆ. ಆನೇ ಆಗದಿದ್ದರೆ ಉಬ್ಬಿದ ಕೆಪಾಸಿಟರ್ ಇರಬಹುದು, ಅದೂ ಚಿಕ್ಕ ಕೆಲಸ. ಒಳಗಡೆ ನೀವೇ ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಕರೆಂಟು ಉಳಿದಿರುತ್ತದೆ. ಎಲ್‌ಇಡಿ ಬೋರ್ಡ್ ಆದರೆ ಕೆಟ್ಟ ಮಾಡ್ಯೂಲ್ ಒಂದನ್ನೇ ಬದಲಿಸಬಹುದು. ಕೊಳ್ಳುವಾಗಲೇ ಅದೇ ಬ್ಯಾಚಿನ ನಾಲ್ಕು ಮಾಡ್ಯೂಲ್ ಹೆಚ್ಚಿಗೆ ಕೊಂಡಿಡಿ, ಇಲ್ಲದಿದ್ದರೆ ಮುಂದೆ ಬಣ್ಣ ಹೊಂದುವುದಿಲ್ಲ. ಪ್ಯಾನೆಲ್ಲೇ ಒಡೆದಿದ್ದರೆ ಮಾತ್ರ ರಿಪೇರಿ ಹೆಚ್ಚಾಗಿ ಗಿಟ್ಟುವುದಿಲ್ಲ.

ಕೊಳ್ಳಲೇಬೇಕಾದರೆ

ದೊಡ್ಡದು ಬೇಡ. ಅತಿ ದೂರದ ಕುರ್ಚಿಯಿಂದ ಓದಲು ಬೇಕಾದಷ್ಟು ಸಾಕು. ಟಿವಿ ಆದರೆ ಎಷ್ಟು ಕರೆಂಟು ಉಳಿಸುತ್ತದೆ ಎಂದು ತೋರಿಸುವ ಬಿಇಇ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ನಕ್ಷತ್ರ ಎಣಿಸುವುದಕ್ಕಿಂತ ಆ ಅಂಕಿ ಹೋಲಿಸಿ. ಯಾಕೆಂದರೆ ಐದು ನಕ್ಷತ್ರದ ದೊಡ್ಡ ಪರದೆ ಮೂರು ನಕ್ಷತ್ರದ ಚಿಕ್ಕ ಪರದೆಗಿಂತ ಜಾಸ್ತಿ ಎಳೆಯಬಹುದು. ಮನೆಯ ಟಿವಿಯನ್ನು ಕಚೇರಿಯಲ್ಲಿ ಹಾಕಿದರೆ ವಾರಂಟಿ ಸಿಗುತ್ತದಾ ಎಂದು ಬರವಣಿಗೆಯಲ್ಲಿ ಕೇಳಿ. ಬಿಡಿಭಾಗ ಎಷ್ಟು ವರ್ಷ ಕೊಡುತ್ತೀರಿ, ಹಳೆಯದನ್ನು ಹಿಂದಕ್ಕೆ ಪಡೆಯುತ್ತೀರಾ, ಈ ಎರಡನ್ನೂ ಕೊಟೇಶನ್‌ನಲ್ಲೇ ಬರೆಸಿ.

ಸೋಲಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಚೇರಿಯ ಪರದೆಗಳು ಹಗಲಲ್ಲೇ ನಡೆಯುವುದರಿಂದ ಜೋಡಿ ಚೆನ್ನಾಗಿದೆ. 1 ಕಿಲೋವಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 80 ವಾಟಿನ ಐದು ಪರದೆ 9 ಗಂಟೆಗೆ 3.6 ಯೂನಿಟ್. ಆದರೆ ಮೊದಲು ಇಳಿಸಿ, ಆಮೇಲೆ ಹಾಕಿಸಿ. ಇಲ್ಲದಿದ್ದರೆ ವ್ಯರ್ಥ ಬೆಳಕಿಗೆ ಪ್ಯಾನೆಲ್ ಕೊಂಡಂತೆ ಆಗುತ್ತದೆ.

ಕೊನೆಗೆ ಎಲ್ಲಿಗೆ ಹೋಗುತ್ತದೆ?

ನಡೆಯುವ ಪರದೆಯನ್ನು ಸರ್ಕಾರಿ ಶಾಲೆಗೋ ಅಂಗನವಾಡಿಗೋ ಕೊಡಿ. ಕೊಡುವ ಮುಂಚೆ ವೈಫೈ ಪಾಸ್‌ವರ್ಡ್, ಲಾಗಿನ್ ಎಲ್ಲ ಅಳಿಸಿ ರಿಸೆಟ್ ಮಾಡಿ. ಕೆಟ್ಟದ್ದನ್ನು ದಾನ ಎಂದು ದಾಟಿಸಬೇಡಿ, ಕಸ ಅವರ ಅಂಗಳಕ್ಕೆ ಹೋಗುತ್ತದೆ ಅಷ್ಟೇ.

ಗುಜರಿಗೆ ಹಾಕಿದರೆ ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಉಳಿದದ್ದು ಹಳ್ಳಕ್ಕೆ ಬೀಳುತ್ತದೆ. ಹಳೆಯ ಡಬ್ಬಾ ಟಿವಿಯ ಗಾಜಲ್ಲಿ ಸೀಸ ಇದೆ. ಎಲ್‌ಇಡಿಗೆ ಮುಂಚಿನ ಎಲ್‌ಸಿಡಿಗಳ ಒಳಗಿನ ಚಿಕ್ಕ ಟ್ಯೂಬ್‌ಗಳಲ್ಲಿ ಪಾದರಸ ಇದೆ. ಅವನ್ನು ಬರಿಗೈಯಲ್ಲಿ ಒಡೆಯುವವರು ಬಹಳ ಸಲ ಮಕ್ಕಳೇ ಇರುತ್ತಾರೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಂದು ಆರ್ಥಿಕ ವರ್ಷದಲ್ಲಿ ಆ ನಿಯಮಗಳ ಪಟ್ಟಿಯಲ್ಲಿರುವ 1000 ಅಥವಾ ಹೆಚ್ಚು ಉಪಕರಣ ಬಳಸುವ ಸಂಸ್ಥೆ ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ದುರಸ್ತಿದಾರರು ಅಥವಾ ಮರುಬಳಕೆದಾರರಿಗೇ ಕೊಡಬೇಕು. ನೀವು ಅಷ್ಟು ದೊಡ್ಡವರಲ್ಲದಿದ್ದರೂ ಅದೇ ದಾರಿ ಹಿಡಿಯಿರಿ. ಯಾರು ನೋಂದಾಯಿತರು ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ.

ಒಂದೆರಡು ಪರದೆಗೆ ಮರುಬಳಕೆದಾರರು ಇಷ್ಟು ದೂರ ಬರುವುದಿಲ್ಲ. ನಾವು ನವನಗರದಲ್ಲಿ ಅಕ್ಕಪಕ್ಕದ ಒಂದು ಶಾಲೆ, ಒಂದು ಲ್ಯಾಬ್, ಎರಡು ಅಂಗಡಿಯವರನ್ನು ಸೇರಿಸಿಕೊಂಡು ಹಳೇ ಸಾಮಾನೆಲ್ಲ ಒಂದು ಕೋಣೆಯಲ್ಲಿ ಕೂಡಿಟ್ಟೆವು. ಒಂದು ಟೆಂಪೋ ತುಂಬುವಷ್ಟಾದ ಮೇಲೆ ಕರೆದೆವು, ಬಂದರು. ಪರದೆಗಳನ್ನು ಮಲಗಿಸದೆ ನಿಲ್ಲಿಸಿ, ನಡುವೆ ಹಳೇ ಗೋಣಿಚೀಲ ಇಟ್ಟು ಹೇರಿಸಿ. ಟೆಂಪೋ ಹೊರಡುವ ಮುಂಚೆ ಎಣಿಕೆ, ತೂಕ, ಸೀರಿಯಲ್ ನಂಬರ್ ಬರೆದ ರಸೀದಿ ಕೈಗೆ ಬರಲಿ. ಆ ರಸೀದಿಯನ್ನು ಮೊದಲು ಬರೆದ ಅದೇ ನೋಟ್‌ಬುಕ್‌ನಲ್ಲಿ, ಆ ಪರದೆಯ ಪುಟಕ್ಕೇ ಅಂಟಿಸಿ.